ಬಣ್ಣ ಗೊತ್ತು, ನೀರು ಗೊತ್ತಿಲ್ಲ

ದಾವಣಗೆರೆ ವಿದ್ಯಾನಗರದ ಅಜ್ಜಿಯೊಬ್ಬರ ಪತ್ರ: ‘ಮೊಮ್ಮಗನಿಗೆ ಎರಡು ತುಂಬಿತು. ಮೊಬೈಲ್ ನೋಡಿ ರೆಡ್, ಬ್ಲೂ, ಎಲ್ಲೋ ಅಂತಾನೆ. ಬಾಯಾರಿದರೆ ಮಾತ್ರ ಲೋಟ ತೋರಿಸಿ ಅಳುತ್ತಾನೆ. ಮನೆಯಲ್ಲಿ ಇಂಗ್ಲಿಷನ್ನೇ ಆಡಿ ಅಂತ ನರ್ಸರಿಯವರು ಹೇಳಿದ್ದಾರೆ. ಸೊಸೆಗೂ ಅದೇ ಸರಿ ಅನ್ನಿಸಿದೆ. ಎರಡು ಭಾಷೆ ಕಿವಿಗೆ ಬಿದ್ದು ಮಾತು ತಡವಾಯಿತೇ? ನನ್ನದು ಜಗಳೂರು ಕಡೆಯ ಮಾತು. ಮಗುವಿಗೆ ಅಂಟಬಾರದು ಅಂತ ಸುಮ್ಮನಿದ್ದೇನೆ. ಬಜೆ ತೇಯ್ದು ನಾಲಿಗೆಗೆ ಹಚ್ಚಿದ್ದೂ ಆಯಿತು.’

ಅಮ್ಮಾ, ನಿಮ್ಮ ಸೊಸೆಯ ಆಸೆ ತಪ್ಪಲ್ಲ. ಇಂಗ್ಲಿಷ್ ಬೇಕು. ಅದರಿಂದ ಅನ್ನ ಹುಟ್ಟುತ್ತದೆ, ಒಪ್ಪಿದೆ. ಆದರೆ ನನಗೆ ಸಿಟ್ಟು ಬಂದಿದ್ದು ನಿಮ್ಮ ಮೇಲೆ. ಸುಮ್ಮನಿದ್ದೇನೆ ಅಂತೀರಲ್ಲ, ಯಾಕೆ? ಬಜೆ ತೇಯುವಷ್ಟು ಹೊತ್ತು ಆ ಮಗುವಿನ ಜೊತೆ ಹರಟಿದ್ದರೆ ಇಷ್ಟು ಹೊತ್ತಿಗೆ ನೀರು ಕೇಳುತ್ತಿತ್ತೇನೋ.

ಎರಡು ಭಾಷೆಯಿಂದ ಮಾತು ತಡವಾಗುವುದಿಲ್ಲ. ನಮ್ಮೂರಲ್ಲೇ ನೋಡಿ, ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ ಆಡಿಕೊಂಡು ಬೆಳೆದವರು ಎಷ್ಟು ಜನ! ವ್ಯಾಪಾರಕ್ಕೆ ಕೂತರೆ ಅವರ ಬಾಯಿ ಮುಚ್ಚಿಸುವುದೇ ಕಷ್ಟ. ಮಾತಾಡಿಸುವವರು ಇಲ್ಲದಿದ್ದರೆ ಮಾತು ತಡವಾಗಬಹುದು. ಕಿವಿ ಸರಿಯಿಲ್ಲದಿದ್ದರೂ ಆಗಬಹುದು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊಬೈಲೂ ಮಾತಾಡುತ್ತದಲ್ಲ ಅಂತೀರಾ? ಅಮೆರಿಕದ ಸಿಯಾಟಲ್‌ನಲ್ಲಿ ಪೆಟ್ರೀಷಿಯಾ ಕೂಲ್ ಅನ್ನುವ ವಿಜ್ಞಾನಿ ಒಂದು ಪರೀಕ್ಷೆ ಮಾಡಿದರು. 2003ರಲ್ಲಿ ಅದರ ವರದಿ ಬಂತು. ಒಂಬತ್ತು ತಿಂಗಳ ಕೂಸುಗಳ ಎದುರು ಚೀನೀ ಭಾಷೆಯವರು ಕೂತು 12 ಸಲ ಆಟ ಆಡಿಸಿದರು, ಪುಸ್ತಕ ಓದಿದರು. ಕೂಸುಗಳು ಆ ಭಾಷೆಯ ಸದ್ದುಗಳನ್ನು ಗುರುತು ಹಿಡಿದವು. ಇನ್ನೊಂದಿಷ್ಟು ಕೂಸುಗಳಿಗೆ ಅದೇ ಜನ, ಅದೇ ಮಾತು, ಆದರೆ ಟಿವಿಯಲ್ಲಿ. ಅವು ಏನೂ ಕಲಿಯಲಿಲ್ಲ. ಟಿವಿ ಮಗುವಿನ ಮುಖ ನೋಡುವುದಿಲ್ಲ, ಅಲ್ವಾ? ಎರಡು ವರ್ಷದ ಮಗುವಿಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಪರದೆ ಬೇಡ, ಕಡಿಮೆಯಾದಷ್ಟೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ.

ಸಿಯಾಟಲ್ ದೂರವಾಯಿತು. ಕೆ.ಆರ್. ಮಾರುಕಟ್ಟೆಗೆ ಬನ್ನಿ. ಕಳೆದ ವಾರ ತರಕಾರಿ ಮಾರುವ ಮುದುಕಿಯೊಬ್ಬಳು ಮೊಮ್ಮಗಳನ್ನು ಟೊಮೆಟೊ ರಾಶಿ ಪಕ್ಕ ಕೂರಿಸಿಕೊಂಡಿದ್ದಳು. ‘ಹಣ್ಣು ಎಲ್ಲೈತವ್ವ?’ ಅಂದು ತಕ್ಕಡಿ ಹಿಡಿದ ಕೈ ಹಾಗೇ ನಿಲ್ಲಿಸಿದಳು. ನಾವು ನಾಲ್ಕು ಜನ ಗಿರಾಕಿಗಳು ಗೊಣಗುತ್ತಾ ನಿಂತೆವು. ಮಗು ಹುಡುಕಿ ಒಂದನ್ನು ಎತ್ತಿತು. ‘ಹಣ್ಣು!’ ‘ಹೂಂ, ಕೆಂಪು ಹಣ್ಣು. ಇದು ನೋಡು, ಕೊಳೆತೈತಿ, ಥೂ.’ ಮಗುವೂ ‘ಥೂ’ ಅಂತು. ನನ್ನ ಚೀಲಕ್ಕೆ ಬಿದ್ದ ಟೊಮೆಟೊಗೂ ‘ಥೂ’ ಅಂತು. ಅದೂ ಕೊಳೆತದ್ದೇ!

ಒಂದು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವುದು. ಮಗು ಒಂದು ಮಾತು ಅಂದರೆ ಅದಕ್ಕೆ ಇನ್ನೊಂದು ಸೇರಿಸಿ ವಾಪಸ್ ಕೊಡುವುದು. ಆ ಮುದುಕಿ ಮಾಡಿದ್ದು ಇಷ್ಟೇ. ನೀವು ರೊಟ್ಟಿ ಬಡಿಯುವಾಗ ಒಂದು ಚೂರು ಹಿಟ್ಟು ಅವನ ಕೈಗೂ ಕೊಡಿ. ಬಾ, ಕೊಡು, ತಗೋ, ತಟ್ಟು. ಕನ್ನಡದಲ್ಲಿ ಹೇಳಿ ಮಾಡಿಸುವ ಮಾತೆಲ್ಲ ಎಷ್ಟು ಚಿಕ್ಕವು ನೋಡಿ, ಕೂಸಿನ ಬಾಯಿಗೆ ಅಂತಲೇ ಅಳೆದು ಮಾಡಿದ ಹಾಗಿವೆ. ಲೋಟ ತೋರಿಸಿದ ಕೂಡಲೇ ನೀರು ಕೊಡಬೇಡಿ. ‘ನೀರು ಬೇಕಾ?’ ಅಂದು ಮನಸ್ಸಿನಲ್ಲೇ ಐದು ಎಣಿಸಿ. ಆದರೆ ಅಳಿಸಿ ಹೇಳಿಸಬೇಡಿ. ನಾನು ನನ್ನ ಮಗನನ್ನು ನೆಂಟರ ಮುಂದೆ ನಿಲ್ಲಿಸಿ ‘ಹೇಳು, ಹೇಳು’ ಅಂತ ಪೀಡಿಸಿದವನೇ. ಬಾಗಿಲ ಹಿಂದೆ ಅಡಗಿ ಕೂರುವುದನ್ನು ಚೆನ್ನಾಗಿ ಕಲಿತ.

ಇನ್ನು ಕಿವಿ. ಎರಡು ವರ್ಷಕ್ಕೆ ಸುಮಾರು 50 ಮಾತು, ‘ಅಜ್ಜಿ ಬಾ’ ಅನ್ನುವಂಥ ಜೋಡಿ ಮಾತು ಬರಬೇಕು. ಬಂದಿಲ್ಲವಾದರೆ ಗಂಡುಮಕ್ಕಳಿಗೆ ಮಾತು ತಡ ಅಂತ ಕಾಯದೆ ಕಿವಿ ಪರೀಕ್ಷೆ ಮಾಡಿಸಿ. ಮೈಸೂರಿನಲ್ಲಿ ಇದಕ್ಕೆಂದೇ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ.

ನರ್ಸರಿಯವರ ಮಾತಿಗೆ ಬರೋಣ. ಮಾತೇ ಬಾರದ ಮಗುವಿಗೆ ಇಂಥದ್ದೇ ಭಾಷೆ ಅನ್ನುವವರಿಗೆ ಏನನ್ನಬೇಕು? ಶಾಲೆಯ ಮಾಧ್ಯಮ ಪಾಲಕರ ಆಯ್ಕೆ ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಸರಿ. ಅಡುಗೆಮನೆಗೂ ಮಾಧ್ಯಮ ಗೊತ್ತುಮಾಡಿ ಅಂತ ಯಾವ ಕೋರ್ಟೂ ಹೇಳಿಲ್ಲ. ಮೊದಲು ಜಗಲಿ ಹೋಯಿತು. ಹೊಸ ಬಡಾವಣೆಗಳಲ್ಲಿ ಆಳೆತ್ತರದ ಕಾಂಪೌಂಡು ಬಂತು. ಬೀದಿಯ ಮಾತು ಒಳಗೆ ಬರುವುದಿಲ್ಲ. ಒಳಗಿದ್ದ ಅಜ್ಜಿಯನ್ನೂ ಈಗ ಸುಮ್ಮನಾಗಿಸಿದರು.

ಜಗಳೂರು ಮಾತು ಅಂಟಿದರೆ ಅಂತ ಕೇಳಿದ್ದೀರಿ. ಅಂಟಲಿ ಬಿಡಿ. ಈ ಉತ್ತರ ಸೊಸೆಗೂ ತೋರಿಸಿ. ಬಜೆಯ ಸಾಲಿನ ಮೇಲೆ ಬೇಕಾದರೆ ಬೆರಳಿಟ್ಟುಕೊಳ್ಳಿ.