ಬೆರಳಿಟ್ಟರೆ ನೀರು ಚಿಮ್ಮುತ್ತದೆ, ಸಪೂರ ಪೈಪು ಹಾಕಿದರೆ ಏಕೆ ಚಿಮ್ಮುವುದಿಲ್ಲ?

ಪೈಪಿನ ಬಾಯಿಗೆ ಹೆಬ್ಬೆರಳು ಅಡ್ಡ ಹಿಡಿದರೆ ನೀರು ದೂರ ಚಿಮ್ಮುತ್ತದೆ, ಹಾಗಾದರೆ ಇಡೀ ಪೈಪೇ ಸಪೂರವಾಗಿದ್ದರೆ ಇನ್ನೂ ಜೋರಾಗಿ ಬರಬೇಕಲ್ಲವೇ ಎಂದು ಕೇಳಿದ್ದೀರಿ. ಹಾಕಿಯೂ ನೋಡಿದಿರಂತೆ, ಬಂದದ್ದು ಸೋತ ಧಾರೆ. ಇದೇ ತರ್ಕವನ್ನು ನಂಬಿ ಪೈಪು ಬದಲಿಸಿ ಪೆಚ್ಚಾದವನು ನಾನು, ಆದ್ದರಿಂದ ನಗುವುದಿಲ್ಲ.

ಜಾಗ ಕಿರಿದಾದರೆ ವೇಗ ಹೆಚ್ಚುತ್ತದೆ ಎಂಬ ಶಾಲೆಯ ಸೂತ್ರ ಸರಿಯೇ. ಆದರೆ ಅದು ಹೇಳುವುದು ಇಷ್ಟೇ: ಒಂದೇ ಪೈಪಿನಲ್ಲಿ, ಒಂದೇ ಹೊತ್ತಿನಲ್ಲಿ, ಅಗಲವಾದ ಕಡೆ ಸೆಕೆಂಡಿಗೆ ಎಷ್ಟು ನೀರು ಹಾದುಹೋಗುತ್ತದೋ ಕಿರಿದಾದ ಕಡೆಯೂ ಅಷ್ಟೇ ಹಾದುಹೋಗುತ್ತದೆ. ಬೆರಳಿಡುವ ಮುಂಚೆ ಹರಿಯುತ್ತಿದ್ದಷ್ಟೇ ನೀರು ಇಟ್ಟ ಮೇಲೂ ಹರಿಯುತ್ತದೆ ಎಂದು ಅದು ಮಾತು ಕೊಟ್ಟಿಲ್ಲ.

ಬದಲಾಗದೆ ಉಳಿಯುವುದು ಟ್ಯಾಂಕಿನ ಎತ್ತರ. ತೂತಿನಿಂದ ಹೊರಬೀಳುವ ನೀರಿಗೆ, ನೀರಿನ ಮಟ್ಟದಿಂದ ತೂತಿನವರೆಗೆ ಬಿದ್ದ ಕಲ್ಲಿಗಿರುವಷ್ಟೇ ವೇಗವಿರುತ್ತದೆ ಎಂದು ಇಟಲಿಯ ವಿಜ್ಞಾನಿ ಟೊರಿಚೆಲ್ಲಿ 1644ರಲ್ಲೇ ಬರೆದಿದ್ದ. 5 ಮೀಟರ್ ಎತ್ತರಕ್ಕೆ ಅದು ಸೆಕೆಂಡಿಗೆ ಸುಮಾರು 9.9 ಮೀಟರ್. ಈ ಲೆಕ್ಕದಲ್ಲಿ ತೂತಿನ ಗಾತ್ರಕ್ಕೆ ಜಾಗವೇ ಇಲ್ಲ. ಅನುಮಾನವಿದ್ದರೆ ಅಗಲವಾದ ಪ್ಲಾಸ್ಟಿಕ್ ಬಾಟಲಿಗೆ ಒಂದೇ ಮಟ್ಟದಲ್ಲಿ ಒಂದು ಸಣ್ಣ ಮೊಳೆಯಿಂದ, ಇನ್ನೊಂದು ದಪ್ಪ ಮೊಳೆಯಿಂದ ತೂತು ಮಾಡಿ ನೀರು ತುಂಬಿಸಿ. ಎರಡೂ ಧಾರೆಗಳು ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ ಬೀಳುತ್ತವೆ.

ಹಾಗಾದರೆ ಬೆರಳು ಮಾಡುವುದೇನು? ಪೈಪಿನೊಳಗಿನ ಘರ್ಷಣೆಯನ್ನು ತಗ್ಗಿಸುತ್ತದೆ. 5 ಮೀಟರ್ ಎತ್ತರದ ನೀರಿಗೆ 12 ಮಿಲಿಮೀಟರ್ ಒಳವ್ಯಾಸದ, 20 ಮೀಟರ್ ಉದ್ದದ ಪೈಪು ಜೋಡಿಸಿದ್ದೀರಿ ಎನ್ನೋಣ (ಘರ್ಷಣಾಂಕ, ಅಂದರೆ ಪೈಪಿನ ಗೋಡೆ ನೀರನ್ನು ಎಷ್ಟು ತಡೆಯುತ್ತದೆ ಎಂಬುದರ ಅಳತೆ, 0.03 ಎಂದು ಹಿಡಿದಿದ್ದೇನೆ). ಬಾಯಿ ಪೂರ್ತಿ ತೆರೆದಿದ್ದಾಗ ನೀರು ಬರುವುದು ಸೆಕೆಂಡಿಗೆ ಬರೀ 1.4 ಮೀಟರ್ ವೇಗದಲ್ಲಿ. ಐದು ಮೀಟರಿನ ಪೈಕಿ 4.9 ಮೀಟರನ್ನು ಪೈಪಿನ ಗೋಡೆಯೇ ನುಂಗಿ, ಚಿಮ್ಮಲು ಉಳಿಸುವುದು ಹತ್ತು ಸೆಂಟಿಮೀಟರ್! ಅರ್ಧ ಬಾಯಿ ಮುಚ್ಚಿದರೆ ವೇಗ 2.7ಕ್ಕೆ ಏರುತ್ತದೆ, ಅಂದರೆ ಹೆಚ್ಚುಕಡಿಮೆ ಇಮ್ಮಡಿ; ನಮ್ಮ ತಪ್ಪು ತಿಳಿವಳಿಕೆ ಗಟ್ಟಿಯಾಗುವುದು ಇಲ್ಲಿಯೇ. ಹತ್ತರಲ್ಲೊಂದು ಭಾಗ ಮಾತ್ರ ತೆರೆದಿಟ್ಟರೆ ವೇಗ ಹತ್ತುಪಟ್ಟು ಆಗುವುದಿಲ್ಲ, ಸೆಕೆಂಡಿಗೆ 8.1 ಮೀಟರ್ ಆಗುತ್ತದೆ. ಪೈಪಿನೊಳಗೆ ನೀರು ನಿಧಾನವಾಗಿ, ಘರ್ಷಣೆಯ ನಷ್ಟ ಮೂರರಲ್ಲೊಂದಕ್ಕೆ ಇಳಿದಿರುತ್ತದೆ. ಎಷ್ಟೇ ಒತ್ತಿ ಹಿಡಿದರೂ 9.9ನ್ನು ಮಾತ್ರ ದಾಟಲಾಗದು. ಇತ್ತ ಹತ್ತರಲ್ಲೊಂದು ಭಾಗ ತೆರೆದಿಟ್ಟಾಗ 15 ಲೀಟರಿನ ಬಕೆಟ್ ತುಂಬಲು ಒಂದೂವರೆ ನಿಮಿಷದ ಬದಲು ಎರಡೂಮುಕ್ಕಾಲು ನಿಮಿಷ ಬೇಕಾಗುತ್ತದೆ.

ಸಪೂರ ಪೈಪಿನಲ್ಲಿ ಆಗುವುದು ಇದರ ತದ್ವಿರುದ್ಧ. ಬೆರಳಿನ ಕೆಳಗೆ ನೀರು ಒಂದು ಸೆಂಟಿಮೀಟರಿನಷ್ಟು ಇಕ್ಕಟ್ಟಿನಲ್ಲಿ ಹಾಯ್ದರೆ, ಇಲ್ಲಿ ಇಪ್ಪತ್ತು ಮೀಟರ್ ಉದ್ದಕ್ಕೂ ಗೋಡೆಗೆ ಉಜ್ಜಿಕೊಂಡು ಬರಬೇಕು. ವ್ಯಾಸ ಅರ್ಧವಾದರೆ ಹರಿವು ಐದರಲ್ಲೊಂದಕ್ಕಿಂತಲೂ ಕಡಿಮೆಯಾಗುತ್ತದೆ, ವೇಗವೂ ಸೆಕೆಂಡಿಗೆ ಒಂದು ಮೀಟರಿಗಿಂತ ಕೆಳಗಿಳಿಯುತ್ತದೆ.

ಆದ್ದರಿಂದ ದಪ್ಪ ಪೈಪನ್ನೇ ಮತ್ತೆ ಹಾಕಿ, ತುದಿಯನ್ನು ಮಾತ್ರ ಕಿರಿದಾಗಿಸಿ. ತುದಿಗೆ ತೂತಿರುವ ಚಪ್ಪಟೆ ಮುಚ್ಚಳ ಬೇಡ: ಚೂಪಂಚಿನ ತೂತಿನಿಂದ ಹೊರಬಂದ ಧಾರೆ ತೂತಿನ ವಿಸ್ತೀರ್ಣದ ಸುಮಾರು 62 ಪ್ರತಿಶತಕ್ಕೆ ಕುಗ್ಗಿಬಿಡುತ್ತದೆ. ನಿಧಾನವಾಗಿ ಮೊನಚಾಗುವ ನಾಜಲ್ ಒಳ್ಳೆಯದು.