ಎರಡು ಹಳೆಯ ಕಾರುಗಳಲ್ಲಿ ಯಾವುದನ್ನು ಕೊಳ್ಳುವುದು?

ನಮಸ್ಕಾರ. ಒಂದೇ ಬೆಲೆಗೆ ಸಿಗುತ್ತಿರುವ ಎರಡು ಕಾರುಗಳಲ್ಲಿ, ಕಡಿಮೆ ಓಡಿದ್ದರೂ ಸರ್ವಿಸ್ ದಾಖಲೆಗಳಿಲ್ಲದ ಹೊಸ ಮಾದರಿಯನ್ನು ಕೊಳ್ಳಬೇಕೋ, ಹೆಚ್ಚು ಓಡಿದ್ದರೂ ದಾಖಲೆಗಳೆಲ್ಲ ಇರುವ ಹಳೆಯದನ್ನೋ ಎಂದು ಕೇಳಿದ್ದೀರಿ. ನಾನಾದರೆ ಎರಡನೆಯದನ್ನೇ ಮೊದಲು ನೋಡುತ್ತೇನೆ. ಮೀಟರಿನ ಅಂಕಿಯನ್ನು ತಿದ್ದಬಹುದು. ಆದರೆ ಸವೆದು ನುಣುಪಾದ ಪೆಡಲ್ ರಬ್ಬರು, ಕುಸಿದ ಚಾಲಕನ ಸೀಟು ಕಾರು ನಿಜವಾಗಿ ಎಷ್ಟು ದುಡಿದಿದೆ ಎಂಬುದನ್ನು ಹೇಳುತ್ತವೆ.

ನೀವು ಹೋಗುವ ಮೊದಲೇ ಎಂಜಿನ್ ಚಾಲೂ ಮಾಡಿ ಇಡಬಾರದೆಂದು ಮಾರುವವರಿಗೆ ತಿಳಿಸಿ, ಏಕೆಂದರೆ ಅನೇಕ ದೋಷಗಳು ತಣ್ಣಗಿರುವ ಎಂಜಿನ್ನಿನಲ್ಲೇ ಸ್ಪಷ್ಟವಾಗಿ ಕಾಣುತ್ತವೆ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ಬಿಸಿಯಾದ ಮೇಲೂ ದಟ್ಟವಾದ ಬಿಳಿ ಹೊಗೆ ನಿಲ್ಲದಿದ್ದರೆ ಎಂಜಿನ್ನನ್ನು ತಂಪಾಗಿಡುವ ದ್ರವವಾದ ಕೂಲೆಂಟ್ ಒಳಗೆ ಸೋರುತ್ತಿರುವ ಸಾಧ್ಯತೆಯಿದ್ದು, ಕೈಯಲ್ಲಿ ಹೆಚ್ಚು ಹಣವಿಲ್ಲದವರು ಅಂಥ ಕಾರನ್ನು ಎಷ್ಟೇ ಅಗ್ಗವಾದರೂ ಮುಟ್ಟಬಾರದು. ಟೈರಿನ ಪಕ್ಕದಲ್ಲಿರುವ ತಯಾರಿಕಾ ಸಂಕೇತದ ಕೊನೆಯ 4 ಅಂಕಿಗಳನ್ನೂ ಓದಿ: 2319 ಎಂದಿದ್ದರೆ ಅದು 2019ರ 23ನೇ ವಾರದ್ದು. ಟೈರು ಒಂದೇ ಬದಿಯಲ್ಲಿ ಸವೆದಿದ್ದರೆ ಚಕ್ರಗಳ ಅಲೈನ್‌ಮೆಂಟ್ (ನೇರ ಜೋಡಣೆ) ತಪ್ಪಿರಬಹುದು, ಅಪಘಾತವೂ ಆಗಿರಬಹುದು.

ದಾಖಲೆಗಳಲ್ಲಿ ಮುಖ್ಯವಾಗಿ, ಎಂಜಿನ್ನಿಗೆ ಟೈಮಿಂಗ್ ಬೆಲ್ಟ್ (ಒಳಗಿನ ಭಾಗಗಳ ಚಲನೆಯನ್ನು ಒಂದಕ್ಕೊಂದು ಹೊಂದಿಸುವ ಪಟ್ಟಿ) ಇದ್ದರೆ ಅದನ್ನು ಯಾವಾಗ ಬದಲಿಸಿದ್ದಾರೆಂದು ಹುಡುಕಿ. ಅದು ತುಂಡಾದರೆ ಅನೇಕ ಎಂಜಿನ್‌ಗಳಲ್ಲಿ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ. ಇರುವ ಹಣವನ್ನೆಲ್ಲ ಖರೀದಿಗೇ ಸುರಿಯದೆ, ಮೊದಲ ವರ್ಷದ ರಿಪೇರಿಗೆಂದು ಒಂದು ಪಾಲನ್ನು ದಯವಿಟ್ಟು ಉಳಿಸಿಕೊಳ್ಳಿ. ಮುಂಗಡ ಕೊಡುವ ಮುನ್ನ, ಮಾರುವವರಿಗೆ ಪರಿಚಯವಿಲ್ಲದ ಮೆಕ್ಯಾನಿಕ್ ಒಬ್ಬರಿಂದ ಕಾರಿನ ಅಡಿಭಾಗವನ್ನೂ ಪರೀಕ್ಷೆ ಮಾಡಿಸಿ. ಮಾರುವವರು ಇದಕ್ಕೆ ಒಪ್ಪದಿದ್ದರೆ ಬೇರೆ ಕಾರನ್ನು ನೋಡಿ.