ಮಗಳ ಹಲ್ಲಿನ ಮೇಲೆ ಬಿಳಿ ಗೆರೆ ಇದೆ, ನೋವಿಲ್ಲ. ಈಗಲೇ ತೋರಿಸಬೇಕಾ?

ನೀವು ಸಾಗರದ ಕಡೆಯವರು. 4 ವರ್ಷದ ಮಗಳ ಮುಂದಿನ ಹಲ್ಲುಗಳಲ್ಲಿ, ಒಸಡಿನ ಅಂಚಿಗೆ ಬಿಳಿ ಗೆರೆ ಕಾಣುತ್ತಿದೆ ಎಂದಿದ್ದೀರಿ. ಹಾಲುಹಲ್ಲು ಹೇಗೂ ಬೀಳುತ್ತದೆ, ಮಳೆಗಾಲ ಮುಗಿದ ಮೇಲೆ ಹೋದರೆ ಸಾಲದೇ ಅಂತ ಕೇಳಿದ್ದೀರಿ.

ದಯವಿಟ್ಟು ಅಷ್ಟು ದಿನ ಕಾಯಬೇಡಿ. ನಾನು ಶಿವಮೊಗ್ಗದಲ್ಲಿ ಹಲ್ಲಿನ ಡಾಕ್ಟರೊಬ್ಬರ ಹತ್ತಿರ ಸಹಾಯಕಿ. ದಸರಾ ರಜೆಯಲ್ಲಿ ಕೆನ್ನೆ ಊದಿಸಿಕೊಂಡು ಬರುವ ಮಕ್ಕಳನ್ನು ನೋಡಿದಾಗ ಸಂಕಟವಾಗುತ್ತದೆ. ಜೂನ್‌ನಲ್ಲೇ ಯಾರಾದರೂ ತುಟಿ ಎತ್ತಿ ನೋಡಿದ್ದರೆ ಅನ್ನಿಸುತ್ತದೆ.

ಹಲ್ಲಿನ ಮೇಲ್ಪದರಕ್ಕೆ, ಅಂದರೆ ಎನಾಮೆಲ್‌ಗೆ, ನರವೇ ಇಲ್ಲ. ಹಾಗಾಗಿ ಹುಳುಕು ಶುರುವಾದಾಗ ನೋವಾಗುವುದಿಲ್ಲ. ಮೊದಲು ಖನಿಜ ಕರಗಿ, ಸುಣ್ಣ ಬಳಿದಂತೆ ಮಂಕಾದ ಬಿಳಿ ಮಚ್ಚೆ ಬರುತ್ತದೆ. ಗುಳಿ ಬೀಳುವ ಮುಂಚೆ ಸಿಕ್ಕರೆ ಫ್ಲೋರೈಡ್‌ನಿಂದ ಅಲ್ಲೇ ತಡೆಯಬಹುದು, ಎಷ್ಟೋ ಸಲ ಜಾಗ ಮತ್ತೆ ಗಟ್ಟಿಯಾಗುತ್ತದೆ. ಗುಳಿ ಬಿದ್ದರೆ ಅದು ತಾನಾಗಿ ತುಂಬಿಕೊಳ್ಳುವುದಿಲ್ಲ. ಬಿಳಿ ಕಂಡದ್ದೆಲ್ಲ ಹುಳುಕೇ ಅಂತಲ್ಲ. ಹಲ್ಲು ಹುಟ್ಟುವಾಗಲೇ ಬಂದ ಮಚ್ಚೆಯೂ ಇರಬಹುದು, ಅದನ್ನು ಡಾಕ್ಟರೇ ನೋಡಿ ಹೇಳಬೇಕು. ಮನೆಯಲ್ಲಿ ನೋಡುವಾಗ ಹಗಲು ಬೆಳಕಿಗೆ ಕೂರಿಸಿ, ಮೆತ್ತನೆ ಬಟ್ಟೆಯಿಂದ ಹಲ್ಲು ಒರೆಸಿ ನೋಡಿ. ಒದ್ದೆ ಹಲ್ಲಿನಲ್ಲಿ ಮಚ್ಚೆ ಸರಿಯಾಗಿ ಕಾಣುವುದಿಲ್ಲ.

ದೋಸೆಗೆ ಜೋನಿಬೆಲ್ಲ ಹಾಕಿಕೊಳ್ಳುವುದನ್ನು ಬಿಡಿಸಬೇಕಾಗಿಲ್ಲ. ಎಷ್ಟು ಸಿಹಿ ಅನ್ನುವುದಕ್ಕಿಂತ ದಿನಕ್ಕೆ ಎಷ್ಟು ಸಲ ಅನ್ನುವುದೇ ಮುಖ್ಯ. ಸಿಹಿ ತಿಂದಾಗ ಬಾಯಿಯ ಬ್ಯಾಕ್ಟೀರಿಯಾ ಆಮ್ಲ ಮಾಡುತ್ತವೆ. ಎಂಜಲು ಅದನ್ನು ತಣಿಸಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಮಳೆಗೆ ಮನೆಯೊಳಗೇ ಇರುವ ಮಕ್ಕಳು ಗಂಟೆಗೊಂದು ಬಿಸ್ಕೆಟ್ ತಿಂದರೆ ಹಲ್ಲಿಗೆ ಬಿಡುವೇ ಸಿಗುವುದಿಲ್ಲ, ಅಲ್ವಾ? ಸಕ್ಕರೆ ಬದಲು ಬೆಲ್ಲವಾದರೆ ಪರವಾಗಿಲ್ಲ ಅನ್ನುವುದು ತಪ್ಪು, ಹಲ್ಲಿಗೆ ಎರಡೂ ಒಂದೇ. ಬಾಟಲಿ ಹಾಲು ಕುಡಿಯುತ್ತಾ ಮಲಗುವ ಅಭ್ಯಾಸವಿದ್ದರೆ ಅದನ್ನು ಇವತ್ತೇ ನಿಲ್ಲಿಸಿ.

ಪೇಸ್ಟಿನ ಮೇಲೆ 1000 ಪಿಪಿಎಂ ಫ್ಲೋರೈಡ್ ಇದೆಯಾ ನೋಡಿ. ಬಟಾಣಿ ಕಾಳಿನಷ್ಟು ಸಾಕು. ರಾತ್ರಿ ಮಲಗುವ ಮುಂಚೆ ನೀವೇ ಉಜ್ಜಿ. ಉಗುಳಲಿ, ಆದರೆ ನೀರು ಹಾಕಿ ಮುಕ್ಕಳಿಸುವುದು ಬೇಡ.

ಹಾಲುಹಲ್ಲು ಬೀಳುತ್ತದೆ ನಿಜ. ಆದರೆ ಹಿಂದಿನ ದವಡೆ ಹಲ್ಲುಗಳು 10-12 ವರ್ಷದವರೆಗೂ ಇರುತ್ತವೆ. 6 ವರ್ಷದ ಹೊತ್ತಿಗೆ ಅವುಗಳ ಹಿಂದೆ ಮೊದಲ ಶಾಶ್ವತ ದವಡೆ ಹಲ್ಲು ಬರುತ್ತದೆ. ಯಾವ ಹಲ್ಲೂ ಬೀಳದೆ ಬರುವುದರಿಂದ ಜಾಸ್ತಿ ಜನ ಅದನ್ನೂ ಹಾಲುಹಲ್ಲು ಅಂದುಕೊಳ್ಳುತ್ತಾರೆ. ಆಗ ಅದರ ಗೀರುಗಳಿಗೆ ಸೀಲೆಂಟ್, ಅಂದರೆ ಹುಳುಕು ಹಿಡಿಯದಂತೆ ಗೀರು ಮುಚ್ಚುವ ತೆಳು ಲೇಪ, ಹಾಕಿಸಬೇಕಾ ಅಂತ ಡಾಕ್ಟರನ್ನು ಕೇಳಿ.